ಎಲೆಹಕ್ಕಿಯನ್ನು ಗುರುತಿಸುವಾಗ ಗಂಟಲಿಗಿಂತ ಮೊದಲು ಹಣೆಯನ್ನು ನೋಡಿ

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಕಾಡಂಚಿನ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕಿ. ಶಿವರಾತ್ರಿಯ ಆಸುಪಾಸಿನಲ್ಲಿ ಮಕ್ಕಳನ್ನು ಕರೆದುಕೊಂಡು ಚಂದ್ರಂಪಳ್ಳಿ ಜಲಾಶಯದ ಕಡೆಗೆ ಹೋಗಿದ್ದಾಗ, ಹೂ ಬಿಟ್ಟಿದ್ದ ಮುತ್ತಲ ಗಿಡದಲ್ಲಿ ಪಿಕಳಾರದಷ್ಟು ದೊಡ್ಡ ಎರಡು ಹಸಿರು ಹಕ್ಕಿಗಳು ಕಂಡವು. ಒಂದರ ಗಂಟಲು ಕಪ್ಪಗಿತ್ತು, ಇನ್ನೊಂದಕ್ಕೆ ಕಪ್ಪೇ ಇರಲಿಲ್ಲ. ಅದೇ ಗಿಡದಿಂದ ಕಾಜಾಣದ ಕೂಗು ಕೇಳಿಬಂತು, ಆದರೆ ಕಾಜಾಣ ಎಲ್ಲಿಯೂ ಕಾಣಲಿಲ್ಲ. ಚಿತ್ರಗಳನ್ನು ನೋಡಿದವರಲ್ಲಿ ಒಬ್ಬರು ಇದು ಚಿನ್ನದ ಹಣೆಯ ಎಲೆಹಕ್ಕಿ ಎಂದರು, ಇನ್ನೊಬ್ಬರು ಜರ್ಡನ್ ಎಲೆಹಕ್ಕಿ ಎಂದರು. ಕಪ್ಪು ಗಂಟಲಿನ ಹಕ್ಕಿಯ ಹಣೆ ಸ್ವಲ್ಪ ಹಳದಿಯಾಗಿಯೇ ಕಾಣುತ್ತದೆ. ಇವೆರಡನ್ನೂ ಬೇರೆ ಮಾಡಿ ಗುರುತಿಸುವುದು ಹೇಗೆ?

ಉತ್ತರ: ನೀವು ಕಳುಹಿಸಿದ ಚಿತ್ರಗಳನ್ನು ನಿಧಾನವಾಗಿ ನೋಡಿದ್ದೇನೆ. ಅವುಗಳಲ್ಲಿರುವುದು ಜರ್ಡನ್ ಎಲೆಹಕ್ಕಿಯ ಗಂಡು ಹೆಣ್ಣಿನ ಜೋಡಿ ಎಂದು ಖಚಿತವಾಗಿ ಹೇಳಬಹುದು. ಎಲ್ಲರ ಕಣ್ಣಿಗೂ ಮೊದಲು ಬೀಳುವ ಕಪ್ಪು ಗಂಟಲಿನ ಆಧಾರದ ಮೇಲೆ ನಾನು ಹೀಗೆ ಹೇಳುತ್ತಿಲ್ಲ, ಏಕೆಂದರೆ ಆ ಕಪ್ಪು ಎರಡೂ ಪ್ರಭೇದಗಳಿಗೆ ಇದೆ. ಕಪ್ಪು ಗಂಟಲಿನ ಹಕ್ಕಿಯ ಹಣೆಯಲ್ಲಿ ಕಿತ್ತಳೆ ಬಣ್ಣ ಇಲ್ಲದಿರುವುದು ಮತ್ತು ಜೊತೆಗಿದ್ದ ಹಕ್ಕಿಯ ಮುಖದಲ್ಲಿ ಕಪ್ಪು ಇಲ್ಲದಿರುವುದು, ಈ ಎರಡು ಸಂಗತಿಗಳು ಒಟ್ಟಿಗೆ ಸೇರಿದಾಗ ಬೇರೆ ಹೆಸರಿಗೆ ಅವಕಾಶ ಉಳಿಯುವುದಿಲ್ಲ. ಆದರೂ ನೀವು ಚಿತ್ರ ತೋರಿಸಿದವರಲ್ಲಿ ಒಬ್ಬರು ಇನ್ನೊಂದು ಹೆಸರು ಹೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ. ದಕ್ಷಿಣ ಭಾರತದ ಕಾಡುಗಳಲ್ಲಿ ಅನುಭವವುಳ್ಳ ವೀಕ್ಷಕರಲ್ಲಿಯೂ ಆಗಾಗ ವಾದಕ್ಕೆ ಕಾರಣವಾಗುವ ಜೋಡಿ ಇದು.

ಗೊಂದಲದ ಒಂದು ಮೂಲ ಹಳೆಯ ಪುಸ್ತಕಗಳಲ್ಲಿದೆ. ಎಲೆಹಕ್ಕಿಗಳೆಲ್ಲ ಕ್ಲೋರಾಪ್ಸಿಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಆ ಕುಲವೊಂದೇ ಒಂದು ಕುಟುಂಬ, ಮತ್ತು ಆ ಕುಟುಂಬ ದಕ್ಷಿಣ ಹಾಗೂ ಆಗ್ನೇಯ ಏಷ್ಯಾ ಮತ್ತು ಅವಕ್ಕೆ ತಾಗಿದ ದಕ್ಷಿಣ ಚೀನಾದ ಕಾಡುಗಳನ್ನು ಬಿಟ್ಟು ಹೊರಗೆಲ್ಲೂ ಇಲ್ಲ. ಚಿನ್ನದ ಹಣೆಯ ಎಲೆಹಕ್ಕಿಯನ್ನು ಡಚ್ ಪಕ್ಷಿತಜ್ಞ ಟೆಮಿಂಕ್ 1829ರಲ್ಲಿ ವಿವರಿಸಿದರು. ಜರ್ಡನ್ ಎಲೆಹಕ್ಕಿಯನ್ನು ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬ್ಲೈತ್ 1844ರಲ್ಲಿ ವಿವರಿಸಿ, ಮದ್ರಾಸ್ ಸೇವೆಯಲ್ಲಿದ್ದ ವೈದ್ಯ ಮತ್ತು ಪಕ್ಷಿತಜ್ಞ ಥಾಮಸ್ ಜರ್ಡನ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಆದರೆ ಮುಂದೆ ಬಹಳ ಕಾಲ ಈ ಎರಡನೆಯ ಹಕ್ಕಿಯನ್ನು ಸ್ವತಂತ್ರ ಪ್ರಭೇದವೆಂದು ಪರಿಗಣಿಸದೆ, ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಕಾಣುವ ನೀಲಿ ರೆಕ್ಕೆಯ ಎಲೆಹಕ್ಕಿಯ ಉಪಪ್ರಭೇದವೆಂದು ಹೇಳಲಾಗುತ್ತಿತ್ತು. ಆ ಕಾಲದ ಭಾರತೀಯ ಪುಸ್ತಕಗಳಲ್ಲಿ ಅದರ ಇಂಗ್ಲಿಷ್ ಹೆಸರು ಗೋಲ್ಡ್‌ಮ್ಯಾಂಟಲ್ಡ್ ಕ್ಲೋರಾಪ್ಸಿಸ್. ಇನ್ನೊಂದರ ಹೆಸರು ಗೋಲ್ಡ್‌ಫ್ರಂಟೆಡ್ ಕ್ಲೋರಾಪ್ಸಿಸ್. ಎರಡರಲ್ಲೂ ಚಿನ್ನ ಇರುವುದರಿಂದ, ಹಳೆಯ ಪುಸ್ತಕದಲ್ಲಿ ಓದಿದ ಹೆಸರನ್ನು ಅರ್ಧ ನೆನಪಿಟ್ಟುಕೊಂಡವರು ಒಂದರ ಲಕ್ಷಣವನ್ನು ಇನ್ನೊಂದಕ್ಕೆ ಹೊಂದಿಸುವುದು ಸಾಮಾನ್ಯ. ಈಗ ಜರ್ಡನ್ ಎಲೆಹಕ್ಕಿಯನ್ನು ಪ್ರತ್ಯೇಕ ಪ್ರಭೇದವೆಂದೇ ಒಪ್ಪಿಕೊಳ್ಳಲಾಗಿದೆ. ನೀಲಿ ರೆಕ್ಕೆಯ ಹಕ್ಕಿಗೆ ಹಾರುವ ಗರಿಗಳಲ್ಲಿಯೂ ಬಾಲದ ಅಂಚುಗಳಲ್ಲಿಯೂ ಇರುವ ನೀಲಿ ಇದಕ್ಕಿಲ್ಲ.

ಇನ್ನು ಹಣೆಯ ವಿಚಾರಕ್ಕೆ ಬರೋಣ. ಚಿನ್ನದ ಹಣೆಯ ಎಲೆಹಕ್ಕಿಯ ಪ್ರೌಢ ಹಕ್ಕಿಯಲ್ಲಿ ಕೊಕ್ಕಿನ ಬುಡದಿಂದ ನೆತ್ತಿಯ ಮುಂಭಾಗದವರೆಗೆ ಕಿತ್ತಳೆ ಅಥವಾ ಕಿತ್ತಳೆ ಮಿಶ್ರಿತ ಹಳದಿ ಬಣ್ಣದ ತೇಪೆ ಇರುತ್ತದೆ. ಅದಕ್ಕೆ ಅಂಚು ಇದೆ: ಕೆಳಗೆ ಮುಖದ ಕಪ್ಪಿಗೆ ತಾಗಿ ನಿಲ್ಲುತ್ತದೆ, ಮೇಲೆ ನೆತ್ತಿಯ ಹಸಿರು ಎಲ್ಲಿಂದ ಶುರುವಾಗುತ್ತದೆ ಎಂದು ತೋರಿಸಬಹುದು. ಜರ್ಡನ್ ಎಲೆಹಕ್ಕಿಯ ಗಂಡಿನಲ್ಲಿ ಇಂಥ ತೇಪೆ ಇಲ್ಲ. ಅದರ ತಲೆಯಲ್ಲಿ, ಮುಖ್ಯವಾಗಿ ಕಪ್ಪು ಭಾಗದ ಸುತ್ತ, ತಿಳಿ ಹಳದಿಯ ಛಾಯೆ ಇರುತ್ತದೆ. ಅದು ಹಸಿರಿನೊಳಗೆ ಕರಗಿಹೋಗುತ್ತದೆಯೇ ಹೊರತು ಇಲ್ಲಿಂದ ಇಲ್ಲಿಯವರೆಗೆ ಎಂದು ಗೆರೆ ಎಳೆದು ತೋರಿಸಲು ಬರುವುದಿಲ್ಲ. ನಿಮ್ಮ ಚಿತ್ರದಲ್ಲಿ ಕಾಣುವ ಹಳದಿ ಈ ಎರಡನೆಯ ಬಗೆಯದು. ಆದ್ದರಿಂದ ‘ಹಣೆ ಹಳದಿಯೇ’ ಎಂದು ಕೇಳಿಕೊಳ್ಳುವ ಬದಲು ‘ಹಣೆಯಲ್ಲಿ ಕಿತ್ತಳೆ ಬಣ್ಣದ, ಅಂಚಿರುವ ತೇಪೆ ಇದೆಯೇ’ ಎಂದು ಕೇಳಿಕೊಳ್ಳಬೇಕು. ಪ್ರಶ್ನೆಯನ್ನು ಇಷ್ಟು ಬಿಗಿಮಾಡಿಕೊಂಡರೆ ತಪ್ಪು ಗುರುತಿಸುವಿಕೆಯ ಬಹುಪಾಲು ಅಲ್ಲಿಯೇ ನಿಂತುಹೋಗುತ್ತದೆ.

ಹಣೆಯ ವಿಚಾರದಲ್ಲಿಯೇ ಎರಡು ಎಚ್ಚರಿಕೆಗಳನ್ನು ಸೇರಿಸಬೇಕು, ಏಕೆಂದರೆ ಕಲಬುರಗಿ ಕಡೆಯಲ್ಲಿ ಎಲೆಹಕ್ಕಿ ಸುಲಭವಾಗಿ ಕಣ್ಣಿಗೆ ಬೀಳುವುದು ಹೂವಿನ ಕಾಲದಲ್ಲಿ. ಮಕರಂದ ಹೀರಲು ಹೂವಿನೊಳಗೆ ತಲೆ ತೂರಿಸುವ ಹಕ್ಕಿಯ ಹಣೆಗೂ ಗಲ್ಲಕ್ಕೂ ಪರಾಗ ಮೆತ್ತಿಕೊಳ್ಳುತ್ತದೆ. ಸೂರಕ್ಕಿ, ಬೆಳ್ಗಣ್ಣ, ಪಿಕಳಾರಗಳಲ್ಲಿ ಇದನ್ನು ನೀವು ನೋಡಿರಬಹುದು. ಎಲೆಹಕ್ಕಿಯೂ ಇದಕ್ಕೆ ಹೊರತಲ್ಲ. ಬೂರುಗ, ಮುತ್ತಲ, ಬಂದಳಿಕೆಗಳ ನಡುವೆ ಬೆಳಗಿನಿಂದ ತಿರುಗಿದ ಜರ್ಡನ್ ಹಕ್ಕಿಯ ಹಣೆ ಪರಾಗದಿಂದಲೇ ಗಾಢ ಹಳದಿಯಾಗಿ ಕಾಣಬಲ್ಲದು. ಪರಾಗದ ಬಣ್ಣ ಎರಡೂ ಬದಿಗೆ ಸಮನಾಗಿರುವುದಿಲ್ಲ, ಗರಿಗಳ ತುದಿಯಲ್ಲಿ ಪುಡಿಯಂತೆ ನಿಂತಿರುತ್ತದೆ, ಕೊಕ್ಕಿನ ಮೇಲೂ ಸಾಮಾನ್ಯವಾಗಿ ಇರುತ್ತದೆ. ಚಿತ್ರವನ್ನು ಹಿಗ್ಗಿಸಿ ಈ ಮೂರನ್ನು ಪರೀಕ್ಷಿಸಬೇಕು. ಎರಡನೆಯದು ಬೆಳಕು. ಇಳಿಹೊತ್ತಿನ ಕೆಂಬೆಳಕಿನಲ್ಲಿ ತಿಳಿ ಹಳದಿ ಕಿತ್ತಳೆಯಾಗುತ್ತದೆ. ನಡುಮಧ್ಯಾಹ್ನದ ನಮ್ಮ ಬಿಸಿಲಿನಲ್ಲಿ ನಿಜವಾದ ಕಿತ್ತಳೆಯೂ ಬಿಳಿಚಿಕೊಂಡು ಹಳದಿಯಾಗುತ್ತದೆ. ಮೊಬೈಲಿನ ಕ್ಯಾಮೆರಾ ತಾನಾಗಿಯೇ ಬಣ್ಣ ತಿದ್ದುವುದರಿಂದ ಇದು ಇನ್ನೂ ಹೆಚ್ಚಾಗುತ್ತದೆ. ಒಂದೇ ಹಕ್ಕಿಯ ಚಿತ್ರವನ್ನು ಬಿಸಿಲಿನಲ್ಲಿಯೂ ನೆರಳಿನಲ್ಲಿಯೂ ತೆಗೆದಿದ್ದರೆ ನೆರಳಿನ ಚಿತ್ರವನ್ನೇ ಹೆಚ್ಚು ನಂಬಬೇಕು ಎಂಬುದು ನನ್ನ ಅಭಿಪ್ರಾಯ.

ಗಂಟಲಿನ ಕಪ್ಪು ಎರಡಕ್ಕೂ ಇದ್ದರೂ ಅದರ ಹರವಿನಲ್ಲಿ ವ್ಯತ್ಯಾಸವಿದೆ. ಜರ್ಡನ್ ಗಂಡಿನಲ್ಲಿ ಕಪ್ಪು ಕೊಕ್ಕಿನ ಬುಡದಿಂದ ಕಣ್ಣಿನವರೆಗೆ ಬಂದು ಗಲ್ಲ (ಕೊಕ್ಕಿನ ಕೆಳಗಿನ ಭಾಗ) ಮತ್ತು ಗಂಟಲಿಗೆ ಸೀಮಿತವಾಗುತ್ತದೆ. ಚಿನ್ನದ ಹಣೆಯ ಹಕ್ಕಿಯಲ್ಲಿ ಅದು ಕಣ್ಣನ್ನು ದಾಟಿ ಕೆನ್ನೆಯ ಮೇಲೆ ಹರಡಿ, ಕೆಳಗೆ ಎದೆಯ ಮೇಲ್ಭಾಗದ ಕಡೆಗೆ ಇಳಿಯುತ್ತದೆ; ಕಪ್ಪಿನ ಹೊರಗೆ ಹಳದಿ ಅಂಚು ಇರುತ್ತದೆ. ಎರಡರಲ್ಲೂ ಕಪ್ಪಿನ ನಡುವೆ ನೀಲಿ ಮೀಸೆಯಂಥ ಪಟ್ಟೆ ಇದೆ. ಇಲ್ಲಿ ಅಂತರ್ಜಾಲದ ಚಿತ್ರಗಳಿಂದ ಆಗುವ ಒಂದು ದೊಡ್ಡ ತಪ್ಪನ್ನು ಹೇಳಲೇಬೇಕು. ಚಿನ್ನದ ಹಣೆಯ ಎಲೆಹಕ್ಕಿ ಎಂದು ಹುಡುಕಿದರೆ ಹಿಮಾಲಯದ ತಪ್ಪಲಿನ ಹಕ್ಕಿಯ ಚಿತ್ರಗಳು ಬಹಳ ಸಿಗುತ್ತವೆ, ಮತ್ತು ಆ ಉತ್ತರದ ಹಕ್ಕಿಯ ಗಲ್ಲ, ಗಂಟಲು ನೇರಳೆ ಮಿಶ್ರಿತ ನೀಲಿಯಾಗಿ ಹೊಳೆಯುತ್ತದೆ, ಕಪ್ಪು ಅದರ ಸುತ್ತ ಇರುತ್ತದೆ. ನಮ್ಮ ಪರ್ಯಾಯದ್ವೀಪದ ಉಪಪ್ರಭೇದ ಹಾಗಿಲ್ಲ. 1856ರಲ್ಲಿ ಆಸ್ಟ್ರಿಯಾದ ಪಕ್ಷಿತಜ್ಞ ಪೆಲ್ಸೆಲ್ನ್ ವಿವರಿಸಿದ ಫ್ರಂಟಾಲಿಸ್ ಎಂಬ ಈ ಉಪಪ್ರಭೇದದಲ್ಲಿ ಗಂಟಲು ಕಪ್ಪು, ನೀಲಿ ಬಣ್ಣ ಮೀಸೆಪಟ್ಟೆಗೆ ಮಾತ್ರ ಸೀಮಿತ, ಕಪ್ಪಿನ ಸುತ್ತಲಿನ ಹಳದಿ ಅಂಚೂ ಸಣ್ಣದು, ಹಣೆಯ ಕಿತ್ತಳೆಯೂ ಉತ್ತರದ ಹಕ್ಕಿಯಷ್ಟು ಪ್ರಖರವಲ್ಲ. ಹಾಗಾಗಿ ಕರ್ನಾಟಕದಲ್ಲಿ ಈ ಹಕ್ಕಿ ಜರ್ಡನ್ ಹಕ್ಕಿಗೆ ಇನ್ನಷ್ಟು ಹತ್ತಿರವಾಗಿ ಕಾಣುತ್ತದೆ. ಗಂಟಲಿನಲ್ಲಿ ನೇರಳೆ ಇಲ್ಲವೆಂಬ ಒಂದೇ ಕಾರಣಕ್ಕೆ ಜರ್ಡನ್ ಎಂದು ಬರೆದುಕೊಳ್ಳುವುದು ಕೂಡ ತಪ್ಪೇ. ಉತ್ತರ ಸರಿಯಾಗಿದ್ದರೂ ದಾರಿ ತಪ್ಪಾದಂತೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಎರಡನೆಯ ಹಕ್ಕಿಗೆ ಕಪ್ಪೇ ಇರಲಿಲ್ಲ ಎಂಬ ಮಾತು. ಬಹಳ ಮಂದಿ ಎದ್ದುಕಾಣುವ ಹಕ್ಕಿಯ ಚಿತ್ರ ತೆಗೆದುಕೊಂಡು, ಮಂಕಾದ ಹಕ್ಕಿಯನ್ನು ಬಿಟ್ಟುಬಿಡುತ್ತಾರೆ. ಆದರೆ ಎಲೆಹಕ್ಕಿಗಳಲ್ಲಿ ಆ ಮಂಕು ಹಕ್ಕಿಯೇ ಸಾಕ್ಷಿ. ಚಿನ್ನದ ಹಣೆಯ ಎಲೆಹಕ್ಕಿಯಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಒಂದೇ ರೂಪ. ಹೆಣ್ಣಿನ ಬಣ್ಣ ಸ್ವಲ್ಪ ಮಾಸಲಾಗಿದ್ದರೂ ಅದಕ್ಕೂ ಕಪ್ಪು ಮುಖ, ಕಪ್ಪು ಗಂಟಲು, ಕಿತ್ತಳೆಯ ಹಣೆ ಇರುತ್ತದೆ. ಜರ್ಡನ್ ಎಲೆಹಕ್ಕಿಯಲ್ಲಿ ಹಾಗಲ್ಲ. ಹೆಣ್ಣಿಗೆ ಕಪ್ಪು ಒಂದಿಷ್ಟೂ ಇಲ್ಲ: ತಲೆ ಹಸಿರು, ಗಲ್ಲ ಮತ್ತು ಗಂಟಲಿನಲ್ಲಿ ತಿಳಿ ನೀಲಿ ಬೆರೆತ ಹಸಿರು, ಅದರ ಪಕ್ಕದಲ್ಲಿ ಸ್ವಲ್ಪ ಹೆಚ್ಚು ಹೊಳೆಯುವ ವೈಡೂರ್ಯ ನೀಲಿಯ ಮೀಸೆಪಟ್ಟೆ. ನಿಮ್ಮ ಎರಡನೆಯ ಚಿತ್ರದಲ್ಲಿ ಈ ತಿಳಿ ನೀಲಿ ಸ್ಪಷ್ಟವಾಗಿ ಕಾಣುತ್ತದೆ. ಎಂದರೆ, ಒಟ್ಟಿಗೆ ಓಡಾಡುವ ಎರಡು ಪ್ರೌಢ ಹಕ್ಕಿಗಳಲ್ಲಿ ಒಂದಕ್ಕೆ ಕಪ್ಪಿದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಅದು ಜರ್ಡನ್. ಎರಡಕ್ಕೂ ಕಪ್ಪಿದ್ದರೆ ಕಿತ್ತಳೆಯ ಹಣೆಗಾಗಿ ಹುಡುಕಬೇಕು. ಎರಡು ಜರ್ಡನ್ ಗಂಡುಗಳು ಒಂದೇ ಹೂಗಿಡದಲ್ಲಿ ಜಗಳಾಡುತ್ತಿರಲೂಬಹುದಾದ್ದರಿಂದ, ಇಬ್ಬರಿಗೂ ಕಪ್ಪಿರುವುದು ಅಷ್ಟಕ್ಕೇ ಚಿನ್ನದ ಹಣೆಯ ಹಕ್ಕಿಗೆ ಪುರಾವೆಯಾಗುವುದಿಲ್ಲ.

‘ಪ್ರೌಢ’ ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. ಚಿನ್ನದ ಹಣೆಯ ಎಲೆಹಕ್ಕಿಯ ಮರಿಗೂ ಮುಖದಲ್ಲಿ ಕಪ್ಪು ಇರುವುದಿಲ್ಲ, ಹಣೆಯೂ ಹಸಿರು. ಅದು ಬೆಳೆದಂತೆ ಕಪ್ಪು ಮತ್ತು ಹಣೆಯ ಬಣ್ಣ ಹಂತಹಂತವಾಗಿ ತುಂಬಿಕೊಳ್ಳುತ್ತವೆ. ಆದ್ದರಿಂದ ಕಪ್ಪಿಲ್ಲದ ಒಂಟಿ ಹಕ್ಕಿಯನ್ನು ನೋಡಿ ಜರ್ಡನ್ ಹೆಣ್ಣು ಎಂದು ಅವಸರದಲ್ಲಿ ಬರೆಯಬಾರದು. ಹಾಗೆಯೇ ಹಣೆಯಲ್ಲಿ ಕಿತ್ತಳೆ ಇಲ್ಲದ, ಗಂಟಲಿನ ಕಪ್ಪು ಚುಕ್ಕೆಚುಕ್ಕೆಯಾಗಿ ಇನ್ನೂ ತುಂಬುತ್ತಿರುವ ಹಕ್ಕಿ ಎರಡರಲ್ಲಿ ಯಾವುದರ ಎಳೆಯ ಹಕ್ಕಿಯೂ ಆಗಿರಬಹುದು. ಈ ಹಕ್ಕಿಗಳು ಹೆಚ್ಚಾಗಿ ಬೇಸಿಗೆಯಿಂದ ಮಳೆಗಾಲದವರೆಗೆ ಮರಿ ಮಾಡುವುದರಿಂದ, ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ಈ ತೊಡಕು ಹೆಚ್ಚು. ಶಿವರಾತ್ರಿಯ ಹೊತ್ತಿಗೆ ಕಡಿಮೆ. ನಿಮ್ಮ ಚಿತ್ರದ ಗಂಡಿನಲ್ಲಿ ಕಪ್ಪು ಪೂರ್ತಿಯಾಗಿ ತುಂಬಿ ಅಂಚು ನೇರವಾಗಿದೆ, ಹೆಣ್ಣಿನ ಗಂಟಲಿನಲ್ಲಿ ತಿಳಿ ನೀಲಿ ತುಂಬಿದೆ. ಎಳೆಯ ಹಕ್ಕಿಗಳೆಂಬ ಅನುಮಾನಕ್ಕೆ ಅಲ್ಲಿ ಕಾರಣವಿಲ್ಲ.

ಭುಜದ ಮೇಲಿನ ಹೊಳೆಯುವ ನೀಲಿ ಕಲೆ ಚಿನ್ನದ ಹಣೆಯ ಹಕ್ಕಿಯಲ್ಲಿ ದೊಡ್ಡದು, ಜರ್ಡನ್ ಹಕ್ಕಿಯಲ್ಲಿ ಚಿಕ್ಕದು ಎಂದು ಪುಸ್ತಕಗಳು ಹೇಳುತ್ತವೆ. ಅದು ನಿಜ, ಆದರೆ ಕುಳಿತ ಹಕ್ಕಿಯಲ್ಲಿ ಆ ಕಲೆ ಪಕ್ಕೆಯ ಗರಿಗಳ ಕೆಳಗೆ ಅಡಗಿಹೋಗುತ್ತದೆ, ಮತ್ತು ಎಷ್ಟು ಭಾಗ ಅಡಗಿದೆ ಎಂದು ತಿಳಿಯುವ ಬಗೆಯಿಲ್ಲ. ಗಾತ್ರವಂತೂ ಉಪಯೋಗಕ್ಕೆ ಬಾರದು; ಎರಡೂ 20 ಸೆಂಟಿಮೀಟರಿನ ಆಸುಪಾಸಿನವು.

ಕಾಜಾಣದ ಕೂಗಿನ ಬಗ್ಗೆ ಹೇಳಿದ್ದೀರಿ. ಕಾಜಾಣವಿಲ್ಲದ ಗಿಡದಲ್ಲಿ ಕಾಜಾಣದ ದನಿ ಕೇಳಿದರೆ ಎಲೆಹಕ್ಕಿಯನ್ನು ಅನುಮಾನಿಸುವುದು ಸರಿಯಾದ ಕ್ರಮ. ಎಲೆಹಕ್ಕಿಗಳು ಬೇರೆ ಹಕ್ಕಿಗಳ ಸ್ವರವನ್ನು ಅನುಕರಿಸುವುದರಲ್ಲಿ ನಿಪುಣವಾದವು. ಕಾಜಾಣ, ಪಿಕಳಾರ, ಸಿಂಪಿಗ, ಬಿಜ್ಜು ಮುಂತಾದವುಗಳ ದನಿಗಳನ್ನು ಒಂದರ ಹಿಂದೊಂದು ಬಿಡುವಿಲ್ಲದೆ ಹೇಳುವುದನ್ನು ಕೇಳಿದಾಗ, ಆ ಗಿಡದಲ್ಲಿ ಹಕ್ಕಿಗಳ ದೊಡ್ಡ ಗುಂಪೇ ಸೇರಿದೆ ಎನ್ನಿಸುತ್ತದೆ. ಈ ಅನುಕರಣೆ ಎಲೆಹಕ್ಕಿ ಇದೆ ಎಂದು ತಿಳಿಸುತ್ತದೆಯೇ ಹೊರತು ಯಾವ ಎಲೆಹಕ್ಕಿ ಎಂದು ತಿಳಿಸುವುದಿಲ್ಲ, ಏಕೆಂದರೆ ಎರಡೂ ಪ್ರಭೇದಗಳು ಅನುಕರಿಸುತ್ತವೆ. ದನಿಯ ಮೇಲೆ ಮಾತ್ರ ಭರವಸೆ ಇಟ್ಟು ಪ್ರಭೇದವನ್ನು ಹೆಸರಿಸುವುದನ್ನು ನಾನು ಒಪ್ಪುವುದಿಲ್ಲ. ಮೊಬೈಲಿನ ದನಿ ಗುರುತಿಸುವ ಆ್ಯಪ್‌ಗಳು ಕೊಡುವ ಹೆಸರೂ ಇಲ್ಲಿ ಸುಳಿವೇ ಹೊರತು ತೀರ್ಪಲ್ಲ. ಮಕ್ಕಳಿಗೆ ಇದನ್ನು ಹೇಳಿಕೊಡುವಾಗ, ಮೊದಲು ದನಿಯ ದಿಕ್ಕಿನಲ್ಲಿ ಎಲೆಗಳ ಚಲನೆಯನ್ನು ನೋಡಲು ಹೇಳಿ. ಹಸಿರು ಮೈ ಎಲೆಗಳಲ್ಲಿ ಬೆರೆತುಹೋಗುತ್ತದೆ, ಚಲನೆ ಮಾತ್ರ ಅದನ್ನು ಬಿಟ್ಟುಕೊಡುತ್ತದೆ.

ಮಕ್ಕಳು ಜೊತೆಗಿರುವುದರಿಂದ ಇನ್ನೊಂದು ಗೊಂದಲವನ್ನೂ ತಪ್ಪಿಸಬೇಕು. ಮಧುರಕಂಠದ ಹೆಣ್ಣು ಹಸಿರು ಹಳದಿಯಾಗಿದ್ದು ಎಲೆಗಳ ನಡುವೆಯೇ ಹುಳು ಹುಡುಕುತ್ತದೆ, ಆದರೆ ಅದು ಬಹಳ ಚಿಕ್ಕದು ಮತ್ತು ಅದರ ರೆಕ್ಕೆಯ ಮೇಲೆ ಎರಡು ಬಿಳಿ ಪಟ್ಟೆಗಳಿರುತ್ತವೆ. ಎಲೆಹಕ್ಕಿಯ ರೆಕ್ಕೆಯ ಮೇಲೆ ಬಿಳಿ ಎಂಬುದೇ ಇಲ್ಲ. ಕಳ್ಳಿಪೀರ ತಂತಿಯ ಮೇಲೆ, ಬೋಳು ಕೊಂಬೆಯ ಮೇಲೆ ಬಯಲಾಗಿ ಕುಳಿತು ಹಾರುವ ಹುಳುವನ್ನು ಬೆನ್ನಟ್ಟುತ್ತದೆ. ಎಲೆಹಕ್ಕಿ ಹಾಗೆ ಬೇಟೆಯಾಡುವುದಿಲ್ಲ.

ಸ್ಥಳವೂ ಒಂದು ಸಾಕ್ಷಿ, ಆದರೆ ಅದನ್ನು ಸರಿಯಾದ ತೂಕದಲ್ಲಿ ಬಳಸಬೇಕು. ಜರ್ಡನ್ ಎಲೆಹಕ್ಕಿ ಗಂಗಾ ಬಯಲಿನ ದಕ್ಷಿಣಕ್ಕೆ ಭಾರತದಲ್ಲಿಯೂ ಶ್ರೀಲಂಕಾದಲ್ಲಿಯೂ ಇರುವ ಹಕ್ಕಿ. ಒಣ ಎಲೆಯುದುರುವ ಕಾಡು, ಕುರುಚಲಿನ ನಡುವೆ ನಿಂತ ದೊಡ್ಡ ಮರಗಳು, ಮಾವಿನ ತೋಪು, ಹಳ್ಳಿಯ ಸುತ್ತಲಿನ ಹುಣಸೆ, ಬೇವು ಇವೆಲ್ಲ ಅದಕ್ಕೆ ಒಗ್ಗುತ್ತವೆ. ಚಿನ್ನದ ಹಣೆಯ ಎಲೆಹಕ್ಕಿ ಹೆಚ್ಚು ತೇವದ, ಹೆಚ್ಚು ದಟ್ಟವಾದ ಕಾಡನ್ನು ಬಯಸುತ್ತದೆ: ಪಶ್ಚಿಮ ಘಟ್ಟ, ಪೂರ್ವ ಘಟ್ಟ, ಹಿಮಾಲಯದ ತಪ್ಪಲು. ನಮ್ಮ ರಾಜ್ಯದಲ್ಲಿ ಅದನ್ನು ನೋಡಲು ಬಯಸುವವರು ದಾಂಡೇಲಿಯ ಕಡೆಗೆ ಹೋಗುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಮಳೆ ಅಷ್ಟಿಲ್ಲ, ಕಾಡೂ ತುಂಡುತುಂಡು. ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ ಚಿಂಚೋಳಿ ವನ್ಯಜೀವಿಧಾಮ ಇವುಗಳಲ್ಲಿ ಒಳ್ಳೆಯ ಮರಗಳುಳ್ಳ ಕಾಡು. ಬೀದರಿನ ಹೊನ್ನಿಕೇರಿ ಕಾಡು ಜಂಬಿಟ್ಟಿಗೆ ನೆಲದ ಮೇಲಿನದು. ಯಾದಗಿರಿ, ಸುರಪುರದ ಬಂಡೆಗುಡ್ಡಗಳಲ್ಲಿ ಕುರುಚಲೇ ಹೆಚ್ಚು. ಈ ನೆಲದಲ್ಲಿ ಎಲೆಹಕ್ಕಿ ಕಂಡರೆ ಮೊದಲು ಜರ್ಡನ್ ಎಂದು ಊಹಿಸುವುದು ನ್ಯಾಯ. ಹಾಗೆಂದು ಊಹೆಯನ್ನೇ ತೀರ್ಮಾನ ಮಾಡಿಕೊಂಡರೆ, ಚಿಂಚೋಳಿಯ ತೇವದ ಹಳ್ಳದ ದಂಡೆಗಳಲ್ಲಿ ಎಂದಾದರೂ ಬೇರೊಂದು ಹಕ್ಕಿ ಕುಳಿತಿದ್ದರೂ ನಾವು ಅದನ್ನು ನೋಡದೆ ಹೋಗುತ್ತೇವೆ. ಪ್ರತಿ ಸಲವೂ ಹಣೆಯನ್ನು ನೋಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಮತ್ತೆ ನೋಡಲು ಹೋಗುವುದಾದರೆ ಕಾಲವನ್ನೂ ಗಿಡವನ್ನೂ ಆರಿಸಿಕೊಳ್ಳಿ. ಚಿಂಚೋಳಿಯ ಕಾಡು ಎಲೆ ಉದುರಿಸಿ ನಿಂತಿರುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಬೋಳು ಕೊಂಬೆಗಳ ಮೇಲೆ ಹಸಿರು ಹಕ್ಕಿ ತಾನಾಗಿಯೇ ಎದ್ದುಕಾಣುತ್ತದೆ. ಮುತ್ತಲ, ಬೂರುಗಗಳು ಆಗಲೇ ಹೂ ಬಿಟ್ಟಿರುತ್ತವೆ. ಎಲೆಹಕ್ಕಿಯ ನಾಲಗೆಯ ತುದಿ ಕುಂಚದಂತೆ ಸೀಳಿರುವುದರಿಂದ ಮಕರಂದವನ್ನು ಸುಲಭವಾಗಿ ಹೀರುತ್ತದೆ. ಹುಳು, ಜೇಡ, ಸಣ್ಣ ಹಣ್ಣುಗಳನ್ನೂ ತಿನ್ನುತ್ತದೆ. ನನ್ನ ಸಲಹೆ ಕೇಳಿದರೆ ಮುತ್ತಲಕ್ಕಿಂತ ಬಂದಳಿಕೆ ಉತ್ತಮ. ಮಾವಿನ ಮೇಲೋ ಬೇರೆ ಮರದ ಮೇಲೋ ಬೆಳೆದ ಬಂದಳಿಕೆಯ ದಟ್ಟ ಪೊದೆ ಹೂ ಬಿಟ್ಟಿದ್ದರೆ, ಎಲೆಹಕ್ಕಿ ಅಲ್ಲಿಗೆ ಮತ್ತೆ ಮತ್ತೆ ಬರುತ್ತದೆ, ಬೇರೆ ಹಕ್ಕಿಗಳನ್ನು ಅಟ್ಟುತ್ತದೆ, ಒಂದು ಹೂವಿನಿಂದ ಇನ್ನೊಂದಕ್ಕೆ ಪರಾಗವನ್ನೂ ಒಯ್ಯುತ್ತದೆ. ಪೊದೆಯಿಂದ ದೂರದಲ್ಲಿ, ಸೂರ್ಯನಿಗೆ ಬೆನ್ನು ಮಾಡಿ ಮಕ್ಕಳನ್ನು ಕೂರಿಸಿದರೆ ಹಕ್ಕಿಯೇ ಹತ್ತಿರ ಬರುತ್ತದೆ. ಒಂದು ಚಿತ್ರ ಎದುರಿನಿಂದ, ಒಂದು ಪಕ್ಕದಿಂದ, ಸಾಧ್ಯವಾದರೆ ಒಂದು ತಲೆ ತಗ್ಗಿಸಿದಾಗ. ಆಮೇಲೆ ಜೊತೆಯ ಹಕ್ಕಿ ಎಲ್ಲಿದೆ ಎಂದು ಹುಡುಕಿ. ಮೊಬೈಲಿನಿಂದ ಅದರ ದನಿಯನ್ನು ನುಡಿಸಿ ಕರೆಯಬೇಡಿ. ಮರಿ ಮಾಡುವ ಕಾಲದಲ್ಲಿ ಎಲೆಗಳ ನಡುವೆ ಸಣ್ಣ ಬಟ್ಟಲಿನಂಥ ಗೂಡು ಕಂಡರೆ ಅಲ್ಲಿ ನಿಲ್ಲದೆ ಮುಂದೆ ಹೋಗಿ; ಅದರಲ್ಲಿರುವುದು ಸಾಮಾನ್ಯವಾಗಿ ಎರಡು ಅಥವಾ ಮೂರು ಮೊಟ್ಟೆಗಳು, ನಮ್ಮ ಜಾಡು ಹಿಡಿದು ಕಾಗೆ ಬಂದರೆ ಅವು ಉಳಿಯುವುದಿಲ್ಲ. ದನಿಯ ಸೊಗಸಿಗಾಗಿ ಈ ಹಕ್ಕಿಗಳನ್ನು ಪಂಜರದಲ್ಲಿಡುವ ರೂಢಿಯೂ ದೇಶದಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವುಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ ಎಂಬುದನ್ನು ಮಕ್ಕಳಿಗೆ ತಿಳಿಸಿ.

ನೀವು ನೋಡಿದ್ದನ್ನು ಬರೆದಿಡುವುದು ಅಗತ್ಯ. ಈ ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1930ರ ದಶಕದ ಆರಂಭದಲ್ಲಿ ಸಲೀಂ ಅಲಿ ಆ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅದರ ಬೆಲೆ ಇಂದಿಗೂ ಉಳಿದಿರುವುದು ಪ್ರತಿ ಹಕ್ಕಿಯ ಜೊತೆಗೂ ಊರು ಮತ್ತು ದಿನಾಂಕ ಇದ್ದುದರಿಂದ. ನಿಮ್ಮ ಟಿಪ್ಪಣಿಯಲ್ಲಿಯೂ ದಿನ, ಜಾಗ, ಗಿಡ, ಎಷ್ಟು ಹಕ್ಕಿ, ಎಷ್ಟಕ್ಕೆ ಕಪ್ಪಿತ್ತು, ಹಣೆ ಹೇಗಿತ್ತು ಎಂಬಷ್ಟು ಇರಲಿ. ಹಕ್ಕಿಗಳ ದಾಖಲೆಗಾಗಿ ಇರುವ ಈಬರ್ಡ್‌ ಜಾಲತಾಣದಲ್ಲಿ ದಾಖಲಿಸುವುದಾದರೆ, ಹಣೆಯೂ ಜೊತೆಯ ಹಕ್ಕಿಯೂ ಕಾಣದ ದಿನ ಪ್ರಭೇದದ ಹೆಸರು ಬೇಡ, ಬರೀ ಎಲೆಹಕ್ಕಿ ಎಂದು ಸೇರಿಸಲು ಅಲ್ಲಿ ಅವಕಾಶವಿದೆ. ಒಂದುವೇಳೆ ಚಿಂಚೋಳಿಯಲ್ಲಿ ಅಂಚಿರುವ ಕಿತ್ತಳೆ ಹಣೆಯ, ಕಣ್ಣಿನ ಹಿಂದಕ್ಕೂ ಕಪ್ಪು ಹರಡಿದ ಹಕ್ಕಿ ಕಂಡರೆ, ನೆರಳಿನಲ್ಲಿ ತೆಗೆದ ಎದುರಿನ ಮತ್ತು ಪಕ್ಕದ ಚಿತ್ರಗಳನ್ನು ತಿದ್ದದೆ ಹಾಗೆಯೇ ಇಟ್ಟುಕೊಂಡು, ಅದರ ಜೊತೆಗಾರ ಹಕ್ಕಿಗೂ ಕಪ್ಪು ಮುಖವಿದೆಯೇ ಎಂದು ನೋಡುವವರೆಗೆ ಆ ಗಿಡದ ಬಳಿಯಿಂದ ಕದಲಬೇಡಿ. ಆಮೇಲೆ ಅರಣ್ಯ ಇಲಾಖೆಯ ವಲಯ ಕಚೇರಿಗೂ ನನಗೂ ಅವನ್ನು ಕಳುಹಿಸಿಕೊಡಿ.